ಹೊಸ ಕ್ಯಾಮೆರಾಕ್ಕಾಗಿ ಬರೆದ ಪತ್ರ

ಆ ಪತ್ರ ಬರೆಯಲು ನನಗೆ ಮೂರು ಭಾನುವಾರ ಹಿಡಿದವು. ಇದ್ದದ್ದು ಎರಡೇ ಪುಟ.

ಚನ್ನಗಿರಿಯಲ್ಲಿ ನಾನು ಶಸ್ತ್ರಚಿಕಿತ್ಸಕನಾಗಿ ಕೆಲಸ ಮಾಡುವ ಆಸ್ಪತ್ರೆ ಚಿಕ್ಕದು. ಅಡಿಕೆ ಮಂಡಿಯ ಕೆಲವು ಹಿರಿಯರು ಒಂದು ಟ್ರಸ್ಟ್ ಮಾಡಿಕೊಂಡು ಕಟ್ಟಿಸಿದ್ದು. ಅಲ್ಲಿ ಏನೇ ದೊಡ್ಡ ಉಪಕರಣ ಬೇಕೆಂದರೂ ಯಾಕೆ ಬೇಕು ಎಂದು ಕಾರಣ ಬರೆದು ಟ್ರಸ್ಟಿನ ಸಭೆಗೆ ಕೊಡಬೇಕು. ನಾನು ಕೇಳಿದ್ದು ಹೊಟ್ಟೆಯೊಳಗೆ ಇಳಿಸುವ ಹೊಸ ಕ್ಯಾಮೆರಾ, ಅದಕ್ಕೆ ಬೆಳಕು ಕೊಡುವ ಪೆಟ್ಟಿಗೆ ಮತ್ತು ಚಿತ್ರ ತೋರಿಸುವ ಪರದೆ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಮೂರು ನಾಲ್ಕು ಸಣ್ಣ ತೂತು ಮಾಡಿ, ಪರದೆ ನೋಡುತ್ತಾ ಆಪರೇಷನ್ ಮಾಡಲು ಇವು ಮೂರೂ ಬೇಕು. ನಮ್ಮ ಕಡೆ ಜನ ಅದನ್ನು ಟೀವಿ ಆಪರೇಷನ್ ಅನ್ನುತ್ತಾರೆ.

ಹಳೆಯ ಯಂತ್ರ ಕೆಟ್ಟಿತ್ತು ಎಂಬುದು ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಲ್ಲೋ ಬಳಸಿ ಬಿಟ್ಟದ್ದನ್ನು ನಮ್ಮವರು ತಂದು ಕೂರಿಸಿದ್ದರು. ಅದರಲ್ಲಿ ಕೆಂಪೆಲ್ಲ ಒಂದೇ ಕೆಂಪಾಗಿ ಕಾಣುತ್ತಿತ್ತು. ರಕ್ತನಾಳ ಯಾವುದು, ಮೇಲಿನ ಪೊರೆ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಒಳಗೆ ಸುಟ್ಟು ರಕ್ತ ನಿಲ್ಲಿಸುವಾಗ ಏಳುವ ಹೊಗೆಯಲ್ಲಿ ಪರದೆ ಪೂರ್ತಿ ಬೆಳ್ಳಗಾಗಿಬಿಡುತ್ತಿತ್ತು. ವೈರಿನ ಕುತ್ತಿಗೆ ಒಂಚೂರು ಸೊಟ್ಟಗಾದರೆ ಚಿತ್ರದ ಮೇಲೆ ನೀಲಿ ಗೆರೆ ಓಡಾಡುತ್ತಿದ್ದವು. ಥಿಯೇಟರಿನ ಹಿರಿಯ ಸಿಸ್ಟರ್ ಅಲ್ಲಿಗೆ ಬಿಳಿ ಪ್ಲಾಸ್ಟರ್ ಸುತ್ತಿ, ಪ್ರತಿ ಆಪರೇಷನ್ನಿಗೂ ಮುಂಚೆ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಇವತ್ತು ಒಂದಿನ ನಡೆಸಿಕೊಡಪ್ಪ" ಎಂದು ಯಂತ್ರಕ್ಕೇ ಹೇಳುತ್ತಿದ್ದರು.

ಅವರು ಜಗಳೂರಿನ ಕಡೆಯವರು. ಹನ್ನೊಂದು ವರ್ಷ ನನ್ನ ಎಡಗಡೆ ನಿಂತು ಕ್ಯಾಮೆರಾ ಹಿಡಿದವರು. ಇಂಥ ಆಪರೇಷನ್ನಿನಲ್ಲಿ ಡಾಕ್ಟರನ ಎರಡೂ ಕೈಯಲ್ಲಿ ಉಪಕರಣ ಇರುತ್ತದೆ, ಅವನ ಕಣ್ಣು ಇನ್ನೊಬ್ಬರ ಕೈಯಲ್ಲಿರುತ್ತದೆ. ನಾನು ಎಲ್ಲಿ ನೋಡಬೇಕು ಎಂದುಕೊಳ್ಳುತ್ತಿದ್ದೆನೋ ಅಲ್ಲಿಗೆ ನಾನು ಹೇಳುವ ಮೊದಲೇ ಅವರು ಕ್ಯಾಮೆರಾ ತಿರುಗಿಸಿರುತ್ತಿದ್ದರು.

ಹೊಸದು ಬೇಕೆಂದು ನಾನು ಅದಕ್ಕೂ ಮೊದಲು ಎರಡು ಸಲ ಬರೆದು ಕೊಟ್ಟಿದ್ದೆ. ಟ್ರಸ್ಟಿನ ಅಧ್ಯಕ್ಷರು ಎಪ್ಪತ್ತು ದಾಟಿದ ಅಡಿಕೆ ವ್ಯಾಪಾರಿ. ಕೆಟ್ಟವರಲ್ಲ. ಮೊದಲ ಸಲ, "ಟೀವಿ ನಡೀತೈತಲ್ಲ ಡಾಕ್ಟ್ರೇ, ಕಾಣೋದು ಕಾಣ್ತೈತಲ್ಲ?" ಎಂದು ಹಾಳೆ ಮಡಚಿ ಇಟ್ಟರು. ಎರಡನೇ ಸಲ ಇನ್ನೂ ನೇರವಾಗಿ ಹೇಳಿದರು.

"ನೀವು ಬರ್ದಿದ್ದು ನಮ್ಗೆ ಒಂದಕ್ಷರ ತಿಳೀಲಿಲ್ಲ. ಇದು ಇಲ್ದೇ ಯಾರಿಗೆ ಏನಾತು, ಅದನ್ನ ಬರೀರಿ. ಅದಾದ್ರೆ ತಿಳೀತೈತೆ."

ಆ ಹೊತ್ತಿಗೆ ಒಬ್ಬಳಿಗೆ ಏನೋ ಆಗಿಹೋಗಿತ್ತು.

ಆಕೆ ನ್ಯಾಮತಿ ತಾಲ್ಲೂಕಿನವಳು, ಸವಳಂಗದ ಹತ್ತಿರದ ಒಂದು ಊರು. ವಯಸ್ಸು ನಲವತ್ತರ ಒಳಗೆ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲಾಗಿ ಆರು ತಿಂಗಳಿಂದ ಹೊಟ್ಟೆನೋವು ತಿಂದಿದ್ದಳು. ಆಪರೇಷನ್ನಿನ ಹಿಂದಿನ ದಿನ ನಾನು ನೋಡಲು ಹೋದಾಗ ಆಕೆ ನೋವಿನ ಬಗ್ಗೆ ಕೇಳಲಿಲ್ಲ.

"ಎಷ್ಟು ದಿನಕ್ಕೆ ಅಡಿಗೆಗೆ ಹೋಗಬೌದು ಡಾಕ್ಟ್ರೇ? ಭಾಳ ದಿನ ಬಿಟ್ರೆ ಬೇರೇರ್ನ ಹಾಕ್ಕಂತಾರೆ."

"ಹತ್ತು ದಿನ ಸಾಕಮ್ಮ. ಭಾರ ಎತ್ತಬೇಡಿ ಅಷ್ಟೇ," ಎಂದೆ.

ಮಾರನೇ ದಿನ ಬುಧವಾರ. ಬುಧವಾರ ಮಧ್ಯಾಹ್ನ ಮೂರಕ್ಕೆ ನಾನು ಹೊನ್ನಾಳಿಯ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದೆ. ಅಲ್ಲಿ ನನಗಾಗಿ ಬೆಳಗಿನಿಂದಲೇ ಜನ ಬಂದು ಕಾಯುತ್ತಿರುತ್ತಿದ್ದರು. ಅವರು ಹಾಗೆ ಕಾಯುವುದು ನನಗೆ ಹಿತವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಆ ದಿನ ಮೊದಲನೇ ಆಪರೇಷನ್ ಲಂಬಿಸಿ, ಈಕೆಯದು ಶುರುವಾದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು.

ಪಿತ್ತಕೋಶಕ್ಕೆ ಒಂದು ಸಣ್ಣ ನಾಳ ಇರುತ್ತದೆ. ಲೋಹದ ಸಣ್ಣ ಕ್ಲಿಪ್ ಹಾಕಿ ಬಾಯಿ ಮುಚ್ಚಿ ಕತ್ತರಿಸಬೇಕಾದ್ದು ಅದನ್ನು. ಅದರ ಮಗ್ಗುಲಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ದೊಡ್ಡ ನಾಳ ಇರುತ್ತದೆ. ಅದನ್ನು ಮುಟ್ಟುವಂತಿಲ್ಲ. ಯಾವುದು ಯಾವುದೆಂದು ಸಂಶಯ ಬಂದರೆ ಸುತ್ತಲ ಪೊರೆಯಿಂದ ನಾಳ ಬಿಡಿಸಿ ನೋಡಬೇಕು. ಆಗಲೂ ತಿಳಿಯದಿದ್ದರೆ ಟೀವಿ ಬಿಟ್ಟು ಹೊಟ್ಟೆ ತೆರೆಯಬೇಕು. ಶಸ್ತ್ರಚಿಕಿತ್ಸೆ ಓದುವ ಹುಡುಗರಿಗೆ ಮೊದಲ ವರ್ಷವೇ ಹೇಳಿಕೊಡುವ ಮಾತು ಇದು.

ಸ್ವಲ್ಪ ರಕ್ತ ಜಿನುಗಿತು, ಸುಟ್ಟೆ, ಹೊಗೆ ಎದ್ದಿತು, ಪರದೆ ಬೆಳ್ಳಗಾಯಿತು. ಸಿಸ್ಟರ್ ಕ್ಯಾಮೆರಾ ಹೊರಗೆ ತೆಗೆದು ಬಿಸಿನೀರಲ್ಲಿ ಅದ್ದಿ ಒರೆಸಿ ಮತ್ತೆ ಇಳಿಸಿದರು. ಚಿತ್ರ ತಿಳಿಯಾಯಿತು. ಆ ಯಂತ್ರದ ಮಟ್ಟಿಗೆ ಅದಕ್ಕಿಂತ ಚೆನ್ನಾಗಿ ಕಂಡದ್ದೇ ಇಲ್ಲ ಎನ್ನುವಷ್ಟು ತಿಳಿಯಾಯಿತು. ನಾನು ಕ್ಲಿಪ್ ಹಾಕಲು ಹೊರಟಾಗ ಸಿಸ್ಟರ್ ಮಾಸ್ಕಿನ ಒಳಗಿಂದ ಮೆಲ್ಲಗೆ ಕೇಳಿದರು.

"ಸಾರ್, ಇದು ದಪ್ಪ ಐತಲ್ಲ? ದೊಡ್ಡ ನಾಳ ಇರಬೌದಾ?"

"ನೀವು ಕ್ಯಾಮೆರಾ ನೆಟ್ಟಗೆ ಹಿಡೀರಿ ಸಿಸ್ಟರ್," ಎಂದೆ.

ಅವರ ಕೈ ನೆಟ್ಟಗೇ ಇತ್ತು. ನಾನು ಕ್ಲಿಪ್ ಹಾಕಿದೆ, ಕತ್ತರಿಸಿದೆ. ಹೊನ್ನಾಳಿಗೆ ಇಪ್ಪತ್ತು ನಿಮಿಷ ತಡವಾಗಿ ತಲುಪಿದೆ.

ಮೂರನೇ ದಿನ ಆಕೆಯ ಕಣ್ಣು ಹಳದಿಯಾದವು. ನಾನು ರೆಪ್ಪೆ ಸರಿಸಿ ನೋಡಿದ ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಹೊಟ್ಟೆಯ ಒಳಗಿನ ಚಿತ್ರ, ಸಿಸ್ಟರ್ ಕೇಳಿದ ಮಾತು, ನನ್ನ ಉತ್ತರ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಆಕೆಯ ಗಂಡ ಬಾಗಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದ. ಅವನನ್ನು ಹೊರಗೆ ಕರೆದುಕೊಂಡು ಹೋಗಿ ನಾನು ಹೇಳಿದ್ದು ಇಷ್ಟು: "ಕೆಲವರಿಗೆ ಹುಟ್ಟಿನಿಂದಲೇ ಒಳಗಿನ ನಾಳಗಳು ಬೇರೆ ಥರ ಇರ್ತವೆ. ನಿಮ್ಮ ಮನೆಯವರಿಗೆ ಹಾಗಿದೆ. ಅದಕ್ಕೆ ತೊಂದರೆಯಾಗಿದೆ. ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತೆ."

ಅವನು ನನಗೆ ಕೈ ಮುಗಿದ.

ಕರಾವಳಿ ಕಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ನಾನೇ ಫೋನ್ ಮಾಡಿ, ನಮ್ಮ ಆಂಬುಲೆನ್ಸಿನಲ್ಲೇ ಕಳಿಸಿದೆ. ಅಲ್ಲಿನವರು ಮೊದಲು ಪಕ್ಕೆಗೆ ಒಂದು ಕೊಳವೆ ಹಾಕಿ ಪಿತ್ತ ಹೊರಗೆ ಬರುವಂತೆ ಮಾಡಿದರು. ಆಕೆ ಆ ಕೊಳವೆ ಮತ್ತು ಚೀಲ ಕಟ್ಟಿಕೊಂಡೇ ಊರಿಗೆ ಬಂದು, ಎರಡು ಮೂರು ತಿಂಗಳು ಕಾದು, ಮತ್ತೆ ಹೋಗಿ ದೊಡ್ಡ ಆಪರೇಷನ್ ಮಾಡಿಸಿಕೊಂಡಳು. ಉಳಿದಿದ್ದ ನಾಳದ ತುದಿಯನ್ನು ಕರುಳಿಗೆ ಜೋಡಿಸುವ ಆಪರೇಷನ್. ಬದುಕಿದಳು. ಶಾಲೆಯವರು ಅಷ್ಟರಲ್ಲಿ ಅಡಿಗೆಗೆ ಬೇರೆಯವರನ್ನು ಹಾಕಿಕೊಂಡಿದ್ದರು.

ಇದೆಲ್ಲ ಮುಗಿದ ಮೇಲೆ ನಾನು ಆ ಪತ್ರಕ್ಕೆ ಕುಳಿತೆ. ಮೊದಲ ಭಾನುವಾರ ಯಂತ್ರದ ದೋಷಗಳನ್ನು ಬರೆದೆ. ಎಲ್ಲ ನಿಜ. ಎರಡನೇ ಭಾನುವಾರ "ಇದು ಇಲ್ದೇ ಯಾರಿಗೆ ಏನಾತು" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಕೊನೆಗೆ ಬರೆದದ್ದು ಹೀಗೆ: ನ್ಯಾಮತಿ ತಾಲ್ಲೂಕಿನ ಓರ್ವ ಮಹಿಳೆಯ ಶಸ್ತ್ರಚಿಕಿತ್ಸೆಯ ವೇಳೆ ಚಿತ್ರವು ಅಸ್ಪಷ್ಟವಾಗಿದ್ದ ಕಾರಣ ನಾಳಗಳನ್ನು ಗುರುತಿಸಲು ಸಾಧ್ಯವಾಗದೆ ತೀವ್ರ ತೊಂದರೆ ಉಂಟಾಯಿತು.

ಬರೆದ ಮೇಲೆ ಎಷ್ಟೋ ಸಲ ಓದಿದೆ. ಆ ವಾಕ್ಯದಲ್ಲಿ ಎಲ್ಲಿಯೂ ನಾನಿರಲಿಲ್ಲ. ತೊಂದರೆ ತನ್ನಷ್ಟಕ್ಕೆ ಉಂಟಾಗಿತ್ತು.

ಮೂರನೇ ಭಾನುವಾರ ಆಸ್ಪತ್ರೆಗೆ ಹೋಗಿ ಥಿಯೇಟರಿನ ಮೂಲೆಯ ಕಂಪ್ಯೂಟರ್ ಮುಂದೆ ಕುಳಿತೆ. ಪ್ರತಿ ಆಪರೇಷನ್ನಿನ ವೀಡಿಯೋವನ್ನೂ ಸಿಸ್ಟರ್ ದಿನಾಂಕ ಹಾಕಿ ಅದರಲ್ಲಿ ಇಟ್ಟಿರುತ್ತಿದ್ದರು. ಆ ಬುಧವಾರದ್ದನ್ನು ಹಾಕಿದೆ. ಹೊಗೆ ಬಂತು, ಬೆಳ್ಳಗಾಯಿತು. ಆಮೇಲೆ ತಿಳಿಯಾಯಿತು. ತಿಳಿಯಾದ ಮೇಲೆ ಸುಮಾರು ಮುಕ್ಕಾಲು ನಿಮಿಷ ದೊಡ್ಡ ನಾಳ ಪರದೆಯ ನಟ್ಟನಡುವೆ ಕಾಣಿಸಿಕೊಂಡು ನಿಂತಿತ್ತು. ಆಮೇಲೆ ನನ್ನ ಕ್ಲಿಪ್ ಬಂತು.

ಬೆಳ್ಳಗಿದ್ದ ಭಾಗವನ್ನಷ್ಟೇ ಕತ್ತರಿಸಿ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಪತ್ರಕ್ಕೆ ಥಿಯೇಟರಿನ ಹಿರಿಯ ಸಿಸ್ಟರ್ ಸಹಿಯೂ ಬೇಕಿತ್ತು. ಸೋಮವಾರ ಬೆಳಿಗ್ಗೆ ಅವರು ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಾಗ ಹೋಗಿ ಹಾಳೆ ಮುಂದಿಟ್ಟೆ. "ಇಲ್ಲೊಂದು ಸೈನ್ ಹಾಕಿ ಸಿಸ್ಟರ್, ಹೊಸ ಕ್ಯಾಮೆರಾದ್ದು" ಎಂದೆ. ಅವರು ಓದದೆ ಹಾಕುತ್ತಾರೆ ಎಂದು ಎಣಿಸಿದ್ದೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಿಂತಲ್ಲೇ ಎರಡೂ ಪುಟ ಓದಿದರು. ಎರಡನೇ ಪುಟದಲ್ಲಿ ಅವರ ಕಣ್ಣು ಒಂದು ಕಡೆ ನಿಂತಿತು.

"ಇದು ಆ ಸವಳಂಗದ ಅಮ್ಮಂದಾ ಸಾರ್?"

"ಹೌದು."

"ಅವತ್ತು ಕಾಣ್ತಿತ್ತಲ್ಲ ಸಾರ್."

ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರಶಃ ನೆನಪಿದೆ. "ಸಿಸ್ಟರ್, ಹೊಸದು ಬಂದರೆ ಮುಂದೆ ಬರೋ ಎಲ್ಲರಿಗೂ ಒಳ್ಳೇದಾಗುತ್ತೆ. ಆಗಿದ್ದನ್ನ ಈಗ ಹೇಳಿ ಯಾರಿಗೆ ಏನು ಲಾಭ?" ಅವರು ಸಹಿ ಹಾಕಿದರು. ಹಾಳೆ ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ ಬಹಳ ದಿನ ನೋಡಲಿಲ್ಲ.

ಸಭೆಯಲ್ಲಿ ಕೊಠಡಿಯ ಗೋಡೆಯ ಮೇಲೆ ನಾನು ಆ ಬೆಳ್ಳನೆಯ ದೃಶ್ಯ ತೋರಿಸಿದೆ. ಅಧ್ಯಕ್ಷರು ಮುಂದಕ್ಕೆ ಬಾಗಿ ನೋಡಿದರು. "ಇದ್ರಾಗೆ ನೀವು ಆಪರೇಷನ್ ಮಾಡ್ತೀರಾ? ಹಿಂಗೆ ಕಂಡ್ರೆ ಯಾರಾದ್ರೂ ಹೆಂಗೆ ಮಾಡ್ತಾರ್ರಿ?" ಎಂದು ಉಳಿದವರ ಕಡೆ ತಿರುಗಿದರು. ನಂತರ ನನಗೆ, "ನೀವು ಇಷ್ಟು ದಿನ ಹೆಂಗೆ ತಡಕಂಡ್ರಿ ಡಾಕ್ಟ್ರೇ. ಮೊದಲೇ ತೋರಿಸಬಾರದಾಗಿತ್ತಾ" ಎಂದರು. ಅವರ ದನಿಯಲ್ಲಿ ಮರುಕ ಇತ್ತು. ಯಾರೂ ಎದುರು ಮಾತಾಡಲಿಲ್ಲ. ಹೊಸ ಯಂತ್ರ ತರುವುದೆಂದು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ನಾನು ಗೆದ್ದವನಂತೆ ಹೊರಗೆ ಬಂದೆ. ಖುಷಿಯೂ ಆಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಯಂತ್ರ ಬಂದ ಮೇಲೆ ಒಂದು ಚಿಕ್ಕ ಸಮಾರಂಭ ಇಟ್ಟುಕೊಂಡರು. ಸ್ವಿಚ್ ಒತ್ತಲು ಆ ಹೆಂಗಸನ್ನೇ ಕರೆಸಬೇಕು ಎಂಬುದು ಅಧ್ಯಕ್ಷರ ಆಸೆ. "ಆ ತಾಯಿ ಪಟ್ಟ ಕಷ್ಟದಿಂದ ಇದು ಬಂದಿದ್ದು" ಎಂದರು. ಬೇಡ ಎನ್ನಲು ನನ್ನ ಬಳಿ ಹೇಳುವಂಥ ಕಾರಣ ಇರಲಿಲ್ಲ. ಗಂಡ ಮತ್ತು ಪಿಯುಸಿ ಓದುವ ಮಗಳ ಜೊತೆ ಆಕೆ ಬಸ್ಸಿನಲ್ಲಿ ಬಂದಳು. ನಾನು ಮೊದಲು ನೋಡಿದ್ದರ ಅರ್ಧಕ್ಕೆ ಇಳಿದಿದ್ದಳು. ಹೊಸ ಸೀರೆ ಉಟ್ಟಿದ್ದಳು. ಮೈಕಿನ ಮುಂದೆ ನಿಲ್ಲಿಸಿದಾಗ ಎರಡೇ ಮಾತು ಹೇಳಿದಳು.

"ನನ್ನಂಗೆ ಯಾರಿಗೂ ಆಗಬಾರ್ದು ಅಂತ ಡಾಕ್ಟ್ರು ಈ ಮಷೀನ್ ತರ್ಸ್ಯಾರೆ. ಅವರಿಗೆ ದೇವರು ಒಳ್ಳೇದು ಮಾಡ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸಭೆಯಲ್ಲಿ ಸಿಸ್ಟರ್‌ಗಾಗಿ ಕಣ್ಣಾಡಿಸಿದೆ. ಅವರು ಬಂದಿರಲಿಲ್ಲ. ಥಿಯೇಟರಿನಲ್ಲಿ ಬಟ್ಟೆ ಎಣಿಸುತ್ತಾ ಕುಳಿತಿದ್ದರಂತೆ.

ಊಟದ ಹೊತ್ತಿಗೆ ಆಕೆ ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದಳು. ಪ್ಲಾಸ್ಟಿಕ್ ಕವರಿನಿಂದ ಒಂದು ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಇವ್ಳಿಗೂ ಶಿವಮೊಗ್ಗದಾಗೆ ಮಾಡಿಸ್ದೆ ಡಾಕ್ಟ್ರೇ. ನನ್ನ ಹೊಟ್ಟೇಲಿ ಹುಟ್ಟಿದೋಳು, ಇವ್ಳಿಗೂ ಒಳಗೆ ನಾಳ ಹಂಗೇ ಇದ್ರೆ ಅಂತ ಭಯ. ಸರಿ ಐತೆ ಅಂದ್ರು. ಆದ್ರೂ ನೀವೊಂದ್ಸಲ ನೋಡ್ರಿ. ಎಣ್ಣೆದು, ಕರ್ದಿದ್ದು ಏನೂ ಕೊಡಲ್ಲ ನಾನು ಇವ್ಳಿಗೆ."

ಹುಡುಗಿ ಮುಜುಗರದಿಂದ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ರಿಪೋರ್ಟ್ ಹಿಡಿದುಕೊಂಡೆ. ಅಕ್ಷರಗಳು ಕಾಣುತ್ತಿದ್ದವು, ಓದಲು ಆಗುತ್ತಿರಲಿಲ್ಲ. ಗಂಡನಿಗೆ ಬಾಗಿಲ ಹೊರಗೆ ನಾನು ಹೇಳಿದ ಒಂದು ಸುಳ್ಳು ಆ ಮನೆಗೆ ಹೋಗಿ, ಒಲೆಯ ತನಕ ಹೋಗಿ, ಈ ಹುಡುಗಿಯ ತಟ್ಟೆಯೊಳಗೆ ಕುಳಿತಿತ್ತು. "ಮಗಳಿಗೆ ಏನೂ ಇಲ್ಲಮ್ಮ. ಎಲ್ಲ ಕೊಡಿ" ಎಂದೆ. ಅಷ್ಟೇ ಹೇಳಲು ಆಯಿತು. ಆಕೆಗೆ ಸಮಾಧಾನವಾಯಿತು. ಹೋಗುವಾಗ ಮಗಳ ಕೈಯಲ್ಲಿ ನನ್ನ ಕಾಲು ಮುಟ್ಟಿಸಿದಳು.

ಒಂದು ವಾರದ ನಂತರ ಸಿಸ್ಟರ್ ರಾಜೀನಾಮೆ ಕೊಟ್ಟರು. ಜಗಳೂರಿನಲ್ಲಿ ಒಂದು ಹೆರಿಗೆ ಆಸ್ಪತ್ರೆಗೆ ಸೇರುತ್ತೇನೆ ಎಂದರು. ಹೊಸ ಕ್ಯಾಮೆರಾವನ್ನು ಅವರು ಕೈಯಲ್ಲಿ ಹಿಡಿದದ್ದು ಎರಡೋ ಮೂರೋ ಸಲ ಅಷ್ಟೇ.

"ಊರು ಹತ್ತಿರ ಆಗುತ್ತೆ ಅಂತಲಾ?" ಎಂದು ಕೇಳಿದೆ, ಅವರು ಹೌದೆಂದರೆ ಸಾಕು ಎಂಬ ಆಸೆಯಿಂದ.

"ಅಲ್ಲ ಸಾರ್. ನಾನು ಓದೇ ಸೈನ್ ಹಾಕಿದ್ದು. ಓದಿ ಹಾಕಿದೆನಲ್ಲ ಅನ್ನೋದೇ ನಂಗೆ ತಡಕಣಾಕೆ ಆಗವಲ್ದು. ನಿಮ್ಮ ಪಕ್ಕ ನಿಂತರೆ ಅದೇ ನೆನಪಾಗ್ತೈತೆ."

ನನ್ನ ತಪ್ಪಿನಲ್ಲಿ ಅವರಿಗೆ ಪಾಲಿರಲಿಲ್ಲ. ನಾನೇ ಅದನ್ನು ಒಯ್ದು, ಪೆನ್ನಿನ ಸಮೇತ ಅವರ ಕೈಗೆ ಕೊಟ್ಟಿದ್ದೆ. ಅದನ್ನು ಅವರಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು ಹೊರಟಿದ್ದರು.

ಅದಾದ ಮೇಲಿನ ಮೊದಲನೇ ಬುಧವಾರ ಹೊನ್ನಾಳಿಗೆ ಹೋಗದೆ ಸವಳಂಗದ ಕಡೆ ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಹೇಳಿಕೊಂಡು ನೋಡಿದೆ. ಪ್ರತಿ ಸಲವೂ ಅದರೊಳಗೆ ಹಳೆಯ ಯಂತ್ರ ನುಸುಳಿಕೊಂಡು ಬರುತ್ತಿತ್ತು.

ಆಕೆ ಮನೆಯ ಮುಂದೆ ಕುಳಿತು ಮೆಕ್ಕೆಜೋಳ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು. "ಮಗಳ ರಿಪೋರ್ಟ್‌ನಾಗೆ ಏನಾದ್ರೂ ಐತಾ ಡಾಕ್ಟ್ರೇ?" ಎಂಬುದೇ ಆಕೆಯ ಮೊದಲ ಮಾತು. ಇಲ್ಲ ಎಂದೆ. ಗಂಡ ಒಳಗಿನಿಂದ ಕುರ್ಚಿ ತಂದ. ನಾನು ಕೂರಲಿಲ್ಲ.

"ನಿಮ್ಮ ಹೊಟ್ಟೆ ಒಳಗೆ ಹುಟ್ಟಿನಿಂದ ಏನೂ ದೋಷ ಇರಲಿಲ್ಲಮ್ಮ. ಎಲ್ಲರಿಗೆ ಇರೋ ಹಾಗೇ ಇತ್ತು. ಕತ್ತರಿಸಬಾರದ ನಾಳ ನಾನು ಕತ್ತರಿಸಿದೆ. ಅವಸರದಲ್ಲಿದ್ದೆ. ಪಕ್ಕದಲ್ಲಿದ್ದ ಸಿಸ್ಟರ್ ಎಚ್ಚರಿಸಿದರು, ನಾನು ಕೇಳಲಿಲ್ಲ."

ಗಂಡ ಕುರ್ಚಿಯ ಬೆನ್ನು ಹಿಡಿದು ಹಾಗೇ ನಿಂತ. ಆಕೆ ತೆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಆಮೇಲೆ ಕೇಳಿದಳು.

"ಮತ್ತೆ ಆ ಮಷೀನು? ಅದು ಸರಿ ಇರ್ಲಿಲ್ಲ ಅಂದ್ರಲ್ಲ."

"ಸರಿ ಇರಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ಕಾಣ್ತಿತ್ತು. ಅವತ್ತಿನ ವೀಡಿಯೋದಲ್ಲೂ ಹಾಗೇ ಬಂದಿದೆ."

"ನಮ್ಮತ್ತೆ ಸಾಯೋವರೆಗೂ ಅಂದ್ರು. ಹುಟ್ತಾನೇ ಒಳಗೆ ನೆಟ್ಟಗಿಲ್ಲದೋಳ್ನ ತಂದ್ವಿ ಅಂತ. ನಾನೂ ಹಂಗೇ ತಿಳ್ಕಂಡಿದ್ದೆ. ನನ್ನ ಮೈಯಾಗೇ ಏನೋ ಐತೆ, ನನ್ನಿಂದ ಡಾಕ್ಟ್ರಿಗೂ ಕೆಟ್ಟ ಹೆಸರು ಬಂತು ಅಂತ." ಆಕೆಯ ದನಿ ಏರಲಿಲ್ಲ. "ಆ ವೀಡಿಯೋ ಐತಾ?"

"ಇದೆ."

"ನಂಗೆ ತೋರಿಸ್ರಿ."

ಎರಡು ದಿನದ ನಂತರ ಗಂಡ ಹೆಂಡತಿ ಬೈಕಿನಲ್ಲಿ ಚನ್ನಗಿರಿಗೆ ಬಂದರು. ನಾನು ಅವರನ್ನು ಥಿಯೇಟರಿನ ಪಕ್ಕದ ಕೋಣೆಯಲ್ಲಿ ಕೂರಿಸಿ ಕತ್ತರಿಸದ ವೀಡಿಯೋ ಹಾಕಿದೆ. ನೋಡಲು ಹೆದರಿಕೆಯಾದರೆ ಹೇಳಿ, ನಿಲ್ಲಿಸುತ್ತೇನೆ ಎಂದೆ. ಗಂಡ ಸ್ವಲ್ಪ ಹೊತ್ತಿಗೇ ಮುಖ ತಿರುಗಿಸಿಕೊಂಡ. ಆಕೆ ತಿರುಗಿಸಲಿಲ್ಲ. ಹೊಗೆ ಬಂತು, ಬೆಳ್ಳಗಾಯಿತು, ತಿಳಿಯಾಯಿತು. ನಾಳ ಕಂಡಾಗ ನಾನು ನಿಲ್ಲಿಸಿ ಬೆರಳಿಟ್ಟು ತೋರಿಸಿದೆ. ಆ ವೀಡಿಯೋದಲ್ಲಿ ಧ್ವನಿ ಇರುವುದಿಲ್ಲ. ಹಾಗಾಗಿ ಸಿಸ್ಟರ್ ಕೇಳಿದ ಮಾತನ್ನು ನಾನೇ ಹೇಳಬೇಕಾಯಿತು. ನನ್ನ ಉತ್ತರವನ್ನೂ ನಾನೇ ಹೇಳಿದೆ. ಹೇಳುವಾಗ ಅದನ್ನು ಅವತ್ತಿನಷ್ಟೇ ಗಡುಸಾಗಿ ಹೇಳಿದೆನೋ, ಮೆತ್ತಗೆ ಮಾಡಿದೆನೋ ಗೊತ್ತಿಲ್ಲ. ಮೆತ್ತಗೆ ಮಾಡಿದ್ದರೂ ಮಾಡಿರಬಹುದು.

"ಇನ್ನೊಂದ್ಸಲ ಹಾಕ್ರಿ," ಎಂದಳು.

ಹಾಕಿದೆ. ಕ್ಲಿಪ್ ಬರುವ ತನಕ ನೋಡಿ ಆಕೆ ನಿಧಾನಕ್ಕೆ ಅಂದಳು, "ಇಷ್ಟು ಚೆನ್ನಾಗಿ ಕಾಣ್ತೈತಲ್ಲ."

ನಾನು ಕ್ಷಮಿಸಿ ಎಂದೆ. ನ್ಯಾಯಕ್ಕೆ ಅದನ್ನು ಮೊದಲ ದಿನವೇ ಹೇಳಬೇಕಿತ್ತು. ಆಕೆ ಕೈಚೀಲ ಎತ್ತಿಕೊಂಡು ಎದ್ದು ನಿಂತಳು.

"ನಿಮ್ಮ ಮೇಲೆ ಸಿಟ್ಟಿಲ್ಲ ಅನ್ನಾಕೆ ಆಗಲ್ಲ ನಂಗೆ. ಐತೆ. ಅವತ್ತೇ ಹೇಳಿದ್ರೆ ಇಷ್ಟು ಇರ್ತಿರ್ಲಿಲ್ಲ. ಈಗ ಹೇಳಿದ್ರಿ, ಅದನ್ನೂ ಮನಸ್ನಾಗೆ ಇಟ್ಕಂಡಿರ್ತೀನಿ." ಬಾಗಿಲ ಹತ್ತಿರ ಹೋದವಳು ತಿರುಗಿ ಕೇಳಿದಳು, "ಆ ಸಿಸ್ಟರ್ ಎಲ್ಲದಾರೆ?"

ಜಗಳೂರಿನ ಫೋನ್ ನಂಬರ್ ಬರೆದು ಕೊಟ್ಟೆ. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು, ಕೇಳಿಯೂ ಇಲ್ಲ.

ಅದೇ ವಾರ ಅಧ್ಯಕ್ಷರ ಮಂಡಿಗೆ ಹೋಗಿ ಎಲ್ಲ ಹೇಳಿದೆ. ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಅವರು ಪೂರ್ತಿ ಕೇಳಿದರು. "ಮಷೀನು ಬಂದಾತಲ್ಲ ಡಾಕ್ಟ್ರೇ. ಅದು ಬೇಕಾಗಿದ್ದೂ ನಿಜ ಅಂತೀರಿ. ಮತ್ತೆ ಈಗ ಇದನ್ನ ಯಾಕೆ ಕೆದಕ್ತೀರಿ?" ಎಂದರು. ನಾನು ಬರೆದುಕೊಂಡು ಹೋಗಿದ್ದ ಹೊಸ ಹಾಳೆ ಕೊಟ್ಟೆ. ಮೊದಲ ಪತ್ರದಲ್ಲಿನ ಆ ವಾಕ್ಯ ಸುಳ್ಳೆಂದೂ, ಸಿಸ್ಟರ್ ಸಹಿ ನನ್ನ ಒತ್ತಾಯದಿಂದ ಆದದ್ದೆಂದೂ ಅದರಲ್ಲಿತ್ತು. ಕನ್ನಡಕ ಹಾಕಿಕೊಂಡು ಓದಿದ ಅವರು ಆಮೇಲೆ ನನ್ನನ್ನು ನೋಡಿದ ರೀತಿ ಬೇರೆಯಾಗಿತ್ತು. ಅಂದಿನ ಮರುಕ ಅದರಲ್ಲಿರಲಿಲ್ಲ.

"ಆ ಹೆಣ್ಮಗಳ್ನ ಸ್ಟೇಜ್ ಮೇಲೆ ನಿಲ್ಸಿ ನಿಮ್ಗೆ ಒಳ್ಳೇದಾಗ್ಲಿ ಅನ್ಸಿದ್ವಲ್ರಿ ನಾವು," ಎಂದರು.

ಟ್ರಸ್ಟಿನವರು ನನ್ನನ್ನು ತೆಗೆಯಲಿಲ್ಲ. ಈ ಕಡೆ ಶಸ್ತ್ರಚಿಕಿತ್ಸಕರು ಸಿಗುವುದು ಕಷ್ಟ, ಅದೂ ಒಂದು ಕಾರಣವಿರಬೇಕು. ಆಕೆಯ ಮುಂದಿನ ಔಷಧ, ಪರೀಕ್ಷೆಗಳನ್ನೆಲ್ಲ ಆಸ್ಪತ್ರೆಯೇ ನೋಡಿಕೊಳ್ಳುವುದೆಂದು ಬರೆದುಕೊಟ್ಟರು. ಕೆಲಸ ಬಿಟ್ಟದ್ದು ಆಕೆಯ ತಪ್ಪಲ್ಲ, ಆಸ್ಪತ್ರೆಯ ಡಾಕ್ಟರನ ತಪ್ಪು ಎಂದು ನಾನು ಶಾಲೆಗೆ ಒಂದು ಕಾಗದ ಬರೆದೆ. ಅದರಿಂದಲೋ, ಅಡಿಗೆಯವರು ಕಡಿಮೆಯಾದದ್ದರಿಂದಲೋ, ಮುಂದಿನ ಜೂನ್‌ನಲ್ಲಿ ಆಕೆಯನ್ನು ಸಹಾಯಕಿಯಾಗಿ ತೆಗೆದುಕೊಂಡರು. ಮೊದಲು ಆಕೆ ಮುಖ್ಯ ಅಡಿಗೆಯವಳಾಗಿದ್ದಳು. ಈಗ ದೊಡ್ಡ ಪಾತ್ರೆ ಎತ್ತಲು ಆಗುವುದಿಲ್ಲವಂತೆ.

ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ನಮ್ಮ ಆಸ್ಪತ್ರೆಗೇ ಬರುತ್ತಾಳೆ. ನನ್ನ ಹತ್ತಿರ ಅಲ್ಲ, ಪಕ್ಕದ ಕೋಣೆಯ ಡಾಕ್ಟರ ಹತ್ತಿರ. ಅದು ಆಕೆಯೇ ಕೇಳಿಕೊಂಡದ್ದು. ಹೋದ ಸಲ ನನ್ನ ಬಾಗಿಲ ಮುಂದೆ ಹಾದು ಹೋಗುವಾಗ ನಿಂತು, "ಮಗಳು ಡಿಗ್ರಿಗೆ ಸೇರಿದ್ಲು" ಎಂದಷ್ಟೇ ಹೇಳಿ ಹೋದಳು.

ಹೊನ್ನಾಳಿಯ ಕ್ಲಿನಿಕ್ ಬಿಟ್ಟಿದ್ದೇನೆ. ಹೊಸ ಯಂತ್ರ ಚೆನ್ನಾಗಿದೆ. ಕೂದಲೆಳೆಯಂಥ ರಕ್ತನಾಳವೂ ಬೇರೆಯಾಗಿ ಕಾಣುತ್ತದೆ. ಈಗ ಕ್ಯಾಮೆರಾ ಹಿಡಿಯುವ ಸಿಸ್ಟರ್ ಹೊಸಬಳು, ಮೂರು ವರ್ಷದ ಹಿಂದೆ ಓದು ಮುಗಿಸಿದವಳು. ಕ್ಲಿಪ್ ಹಾಕುವ ಮೊದಲು ಪ್ರತಿ ಸಲ ನಾನು ಕೈ ನಿಲ್ಲಿಸಿ, "ನಿನಗೆ ಏನು ಕಾಣುತ್ತೆ ಹೇಳಮ್ಮ" ಎಂದು ಕೇಳುತ್ತೇನೆ. "ಸರಿ ಐತೆ ಸಾರ್" ಎನ್ನುತ್ತಾಳೆ. ಒಂದು ಸಲವೂ ಬೇರೆ ಮಾತು ಹೇಳಿಲ್ಲ. ನಿಜವಾಗಿ ಸರಿ ಇದೆ ಎಂದು ಹೇಳುತ್ತಾಳೋ, ನನಗೆ ಹೆದರಿ ಹೇಳುತ್ತಾಳೋ ನನಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಮತ್ತೊಮ್ಮೆ ನಾಳ ಬಿಡಿಸಿ ನೋಡುತ್ತೇನೆ.